ಭತ್ತದ ಹುಲ್ಲಿನ ಯೂರಿಯಾ ಉಪಚಾರ: ಮೊದಲ ಮೆದೆ ತೆರೆದ ನಂತರ

ಮಂಡ್ಯದ ನಾಲೆ ಬಯಲಿನಲ್ಲಿ ಕೊಯ್ಲು ಮುಗಿದ ಮೇಲೆ ಹುಲ್ಲಿಗೆ ಬರವಿಲ್ಲ. ಬರವಿರುವುದು ಅದರ ಸತ್ವಕ್ಕೆ. ಭತ್ತದ ಹುಲ್ಲಿನಲ್ಲಿ ಕಚ್ಚಾ ಪ್ರೋಟೀನು (ಸಾರಜನಕದ ಅಳತೆಯಿಂದ ಲೆಕ್ಕ ಹಾಕುವ ಪ್ರೋಟೀನು) ಶೇ. 3ರಿಂದ 4ರಷ್ಟು ಮಾತ್ರ. ಅದರ ನಾರನ್ನು ಲಿಗ್ನಿನ್ ಮತ್ತು ಸಿಲಿಕಾ ಎಂಬ ಗಟ್ಟಿ ಪದಾರ್ಥಗಳು ಬಿಗಿಯಾಗಿ ಹಿಡಿದಿರುವುದರಿಂದ ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಿಗೂ ಅದು ಸುಲಭವಾಗಿ ದಕ್ಕುವುದಿಲ್ಲ. ಗದ್ದೆಯಲ್ಲಿಯೇ ಸುಟ್ಟು ಹಾಕುವ ಈ ಹುಲ್ಲನ್ನು ಒಳ್ಳೆಯ ಮೇವಾಗಿಸುವುದು ಯೂರಿಯಾ ಉಪಚಾರದ ಉದ್ದೇಶ.

ಪ್ರತಿ 100 ಕಿಲೋ ಒಣ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿಯಾಗಿ ಕರಗಿಸಿಕೊಂಡೆ. ಹುಲ್ಲನ್ನು ಪದರ ಪದರವಾಗಿ ಹರಡಿ, ಪ್ರತಿ ಪದರಕ್ಕೂ ದ್ರಾವಣವನ್ನು ಸಮನಾಗಿ ಚಿಮುಕಿಸಿ, ಗಾಳಿ ಉಳಿಯದಂತೆ ತುಳಿದು ಅದುಮಿ, ಕೊನೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿ ಅಂಚುಗಳ ಮೇಲೆ ಮಣ್ಣು ಹೇರಿದೆ. ಹುಲ್ಲಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವವು ತೇವದಲ್ಲಿ ಯೂರಿಯಾವನ್ನು ಅಮೋನಿಯವಾಗಿ ಒಡೆಯುತ್ತದೆ. ಆ ಅಮೋನಿಯ ನಾರಿನ ಬಂಧವನ್ನು ಸಡಿಲಿಸುತ್ತದೆ. ಅನಿಲ ಹೊರಹೋದರೆ ಅದರೊಂದಿಗೆ ಗುಣವೂ ಹೋಗುತ್ತದೆಯಾದ್ದರಿಂದ ಇಡೀ ಕ್ರಮದಲ್ಲಿ ನಾನು ಹೆಚ್ಚು ಗಮನ ಕೊಟ್ಟದ್ದು ಹೊದಿಕೆಗೆ. ದ್ರಾವಣವಿದ್ದ ಬಕೆಟ್ಟುಗಳನ್ನು ಕೊಟ್ಟಿಗೆಯಿಂದ ದೂರವಿಟ್ಟೆ, ಏಕೆಂದರೆ ದನ ಅದನ್ನು ಕುಡಿದರೆ ಪ್ರಾಣಕ್ಕೇ ಅಪಾಯ.

21 ದಿನ ಮುಚ್ಚಿಟ್ಟು ತೆರೆದಾಗ ಹುಲ್ಲು ಕಂದು ಹಳದಿಗೆ ತಿರುಗಿ ಮೆತ್ತಗಾಗಿತ್ತು. ಕಣ್ಣು ಉರಿಯುವಷ್ಟು ಅಮೋನಿಯದ ಘಾಟಿತ್ತು. ಬೂಷ್ಟು ಎಲ್ಲಿಯೂ ಕಾಣಲಿಲ್ಲ. ದಿನಕ್ಕೆ ಬೇಕಾದಷ್ಟನ್ನು ಮಾತ್ರ ತೆಗೆದು, ಘಾಟು ಇಳಿಯುವವರೆಗೆ ನೆರಳಿನಲ್ಲಿ ಹರಡಿ, ನಂತರ ಮೇಯಿಸುತ್ತಿದ್ದೇನೆ. ಆರಂಭದಲ್ಲಿ ಹಸುಗಳು ಮೂತಿ ತಿರುಗಿಸಿದವು. ಹಳೆಯ ಹುಲ್ಲಿನೊಂದಿಗೆ ಸ್ವಲ್ಪ ಸ್ವಲ್ಪವೇ ಬೆರೆಸುತ್ತ ಪ್ರಮಾಣವನ್ನು ಹೆಚ್ಚಿಸಿದಂತೆ ಈಗ ಗೋದಲಿಯಲ್ಲಿ ಕಡ್ಡಿಯೂ ಉಳಿಯುವುದಿಲ್ಲ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡುವಂತಿಲ್ಲ, ಏಕೆಂದರೆ ಅವುಗಳ ಹೊಟ್ಟೆಯಲ್ಲಿ ಮೆಲುಕಿನ ವ್ಯವಸ್ಥೆ ಇನ್ನೂ ಪಕ್ವವಾಗಿರುವುದಿಲ್ಲ.

ಉಪಚಾರದಿಂದ ಕಚ್ಚಾ ಪ್ರೋಟೀನು ಶೇ. 7ರಿಂದ 8ಕ್ಕೆ ಏರುತ್ತದೆಂಬುದು ದೃಢಪಟ್ಟ ಸಂಗತಿ. ಆದರೆ ಹೀಗೆ ಸೇರುವುದು ಬರಿಯ ಸಾರಜನಕ. ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನಾಗಿಸಬೇಕಾದರೆ ಅವುಗಳಿಗೆ ಶಕ್ತಿಯೂ ಬೇಕು. ಆದ್ದರಿಂದ ಹಸಿರು ಮೇವು ಮತ್ತು ಹಿಂಡಿಯನ್ನು ಸಂಪೂರ್ಣವಾಗಿ ನಿಲ್ಲಿಸುವುದು ಸರಿಯಲ್ಲವೆಂದು ನನ್ನ ದೃಢ ಅಭಿಪ್ರಾಯ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಎಂಬ ಲವಣವು ಸುಣ್ಣದಂಶವನ್ನು ಕಟ್ಟಿಹಾಕುವುದರಿಂದ ಖನಿಜ ಮಿಶ್ರಣವನ್ನೂ ತಪ್ಪಿಸುವಂತಿಲ್ಲ. ಇದರಿಂದ ಹಾಲು ಹೆಚ್ಚಿದೆಯೇ ಎಂಬ ಲೆಕ್ಕ ಇನ್ನೂ ಸೇರುತ್ತಿದೆ. ಮುಂದಿನ ಮೆದೆಗೆ ಹುಲ್ಲನ್ನು ಕತ್ತರಿಸಿ ಹಾಕಲಿದ್ದೇನೆ, ಏಕೆಂದರೆ ತುಂಡಾದ ಹುಲ್ಲು ಇನ್ನೂ ಬಿಗಿಯಾಗಿ ಅದುಮಿಕೊಳ್ಳುತ್ತದೆ.