ಹುಡುಗಿಯರಿಗೆಂದೇ ಕಟ್ಟಿದ ಅಂಗಣ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಮೇಡಂ ಫೋನ್ ಮಾಡಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ. "ಹುಡುಗಿಯರ ಹಾಕಿ ಟೀಮ್ ಈಗಲೂ ಇದೆಯಾ ಮೇಡಂ?" ಇದೆ ಎಂದರು. ಹಾಗಾದರೆ ಹಾಕಿ ಬಗ್ಗೆಯೇ ಬರೆಯುತ್ತೇನೆ ಎಂದೆ.

2006ರಿಂದ 2009ರವರೆಗೆ ನಾನು ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದೆ. ಟೀಮಿನಲ್ಲಿ ರೈಟ್ ಹಾಫ್, ಅಂದರೆ ಬಲಬದಿಯ ಮಧ್ಯದ ಸ್ಥಾನದಲ್ಲಿ ಆಡುತ್ತಿದ್ದೆ. ಕೊಡಗಿನ ಮಕ್ಕಳಿಗೆ ಹಾಕಿ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಶುರುವಾದಾಗ ನನಗೆ ಒಂಬತ್ತು ವರ್ಷ. ಮೊದಲ ವರ್ಷವೇ 60 ಕುಟುಂಬಗಳು ಬಂದಿದ್ದವು. ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಟ ತೋರಿಸಿದ್ದರು. ಮುಂದಿನ ವರ್ಷಗಳಲ್ಲಿ ಅಣ್ಣ, ತಂಗಿ, ಚಿಕ್ಕಪ್ಪ ಎಲ್ಲರೂ ಒಂದೇ ತಂಡದಲ್ಲಿ ಆಡುವುದನ್ನು ನೋಡಿಯೇ ಬೆಳೆದೆ. ಹುಡುಗಿಯರ ಹಾಕಿ ಬೇರೆ, ಹುಡುಗರ ಹಾಕಿ ಬೇರೆ ಎಂಬುದು ನನಗೆ ಗೊತ್ತಾಗಿದ್ದು ಕಾಲೇಜಿಗೆ ಬಂದ ಮೇಲೆ.

ಎರಡನೇ ವರ್ಷದಲ್ಲಿ ಬೇರೆ ಊರಿಗೆ ಒಂದು ಟೂರ್ನಮೆಂಟ್‌ಗೆ ಹೋಗಿದ್ದೆವು. ನಮ್ಮ ಸೆಮಿಫೈನಲ್ ಮಧ್ಯಾಹ್ನ ಎಂದಿತ್ತು. ಹುಡುಗರ ಪಂದ್ಯಕ್ಕೆ ಮೈದಾನ ಬೇಕು ಎಂದು ಬೆಳಿಗ್ಗೆ ಆರೂವರೆಗೆ ಹಾಕಿದರು. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ನಾವು ಗೆದ್ದೆವು. ನೋಡಲು ಇದ್ದವರು ನಮ್ಮ ಪಿ.ಟಿ. ಸರ್, ವಾಚ್‌ಮನ್, ಮತ್ತೆ ಹಾಲು ಕೊಡಲು ಹೊರಟಿದ್ದ ಒಬ್ಬ ಹುಡುಗ. ಸರ್ ಒಬ್ಬರೇ ಚಪ್ಪಾಳೆ ತಟ್ಟಿದ ಸದ್ದು ನನಗೆ ಇಂದಿಗೂ ನೆನಪಿದೆ.

2011ರ ಆಗಸ್ಟ್‌ನಲ್ಲಿ ನಾನು ಪಿಎಚ್.ಡಿ. ಮಾಡಲು ಅಮೆರಿಕದ ಮಿನ್ನೆಸೋಟಾ ವಿಶ್ವವಿದ್ಯಾಲಯಕ್ಕೆ ಹೋದೆ. ವಿಷಯ ಸಸ್ಯರೋಗ ಶಾಸ್ತ್ರ. ಗೋಧಿಗೆ ಬರುವ ತುಕ್ಕು ರೋಗದ ಮೇಲೆ ಅಲ್ಲಿ ನೂರು ವರ್ಷದಿಂದ ಕೆಲಸ ನಡೆದಿದೆ. ಹಸಿರು ಕ್ರಾಂತಿಯ ಜನಕ ಎನ್ನುವ ನಾರ್ಮನ್ ಬೋರ್ಲಾಗ್ ಓದಿದ್ದು ಅದೇ ವಿಭಾಗದಲ್ಲಿ. ಕಾಫಿ ಎಲೆಯ ತುಕ್ಕು ನೋಡಿಕೊಂಡೇ ಬೆಳೆದವಳಿಗೆ ಅದು ಅಪರಿಚಿತ ಜಾಗ ಅನ್ನಿಸಲಿಲ್ಲ. ಅಪರಿಚಿತ ಅನ್ನಿಸಿದ್ದು ಚಳಿ. ಮೈನಸ್ 20 ಡಿಗ್ರಿಯಲ್ಲಿ ಉಸಿರು ಎಳೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತದೆ. ಕೆರೆಗಳೆಲ್ಲ ಕಲ್ಲಾಗುತ್ತವೆ. ಮಕ್ಕಳು ಆ ಕೆರೆಗಳ ಮೇಲೆಯೇ ಸ್ಟಿಕ್ ಹಿಡಿದು ಓಡಾಡುತ್ತಾರೆ.

ನಮ್ಮ ಲ್ಯಾಬಿನಲ್ಲಿ ನನಗಿಂತ ಹತ್ತು ವರ್ಷ ದೊಡ್ಡವಳಾದ ಒಬ್ಬ ಟೆಕ್ನೀಷಿಯನ್ ಇದ್ದಳು. ನಾನು ಹಾಕಿ ಆಡುತ್ತಿದ್ದೆ ಎಂದಾಗ ಅವಳ ಮುಖ ಅರಳಿತು. ಅಲ್ಲಿ ಹಾಕಿ ಎಂದರೆ ಐಸ್ ಹಾಕಿ. ನಾನು ಆಡಿದ್ದು ಹುಲ್ಲಿನ ಮೇಲೆ ಎಂದೆ. ಪರವಾಗಿಲ್ಲ, ಶನಿವಾರ ಬಾ ಎಂದಳು. ಬಸ್ಸಿನಲ್ಲಿ ಮಿನ್ನಿಯಾಪೊಲಿಸ್ ಕಡೆಯ ಕ್ಯಾಂಪಸ್‌ಗೆ ಕರೆದುಕೊಂಡು ಹೋದಳು. ಎದುರಿಗೆ ಎರಡು ದೊಡ್ಡ ಕಟ್ಟಡಗಳು, ಒಂದಕ್ಕೊಂದು ಅಂಟಿಕೊಂಡಂತೆ. ದೊಡ್ಡದು ಗಂಡುಮಕ್ಕಳ ಮಾರಿಯುಚ್ಚಿ ಅರೀನಾ. ಪಕ್ಕದ್ದು ರಿಡ್ಡರ್ ಅರೀನಾ. "ಇದು ಹುಡುಗಿಯರದ್ದು" ಎಂದಳು. ನನಗೆ ಅರ್ಥ ಆಗಲಿಲ್ಲ. ಇವತ್ತು ಹುಡುಗಿಯರ ಪಂದ್ಯ ಇದೆ ಅಂತಲಾ ಎಂದೆ. ಅಲ್ಲ, ಕಟ್ಟಡವೇ ಅವರದ್ದು ಎಂದಳು.

ನಿಜ. 2002ರಲ್ಲಿ ತೆರೆದ ರಿಡ್ಡರ್ ಅರೀನಾ ಅಮೆರಿಕದಲ್ಲಿ ಕಾಲೇಜು ಹುಡುಗಿಯರ ಐಸ್ ಹಾಕಿಗೆಂದೇ ಕಟ್ಟಿದ ಮೊದಲ ಅಂಗಣ. ಸುಮಾರು 3,400 ಜನ ಕೂರಬಹುದು. ರಾಬರ್ಟ್ ಮತ್ತು ಕ್ಯಾಥ್ಲೀನ್ ರಿಡ್ಡರ್ ಎಂಬ ದಂಪತಿ ಇದಕ್ಕೆ ಹಣ ಕೊಟ್ಟವರು. ರಾಬರ್ಟ್ ಮಿನ್ನೆಸೋಟಾದ ಹಾಕಿ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು. ಕ್ಯಾಥ್ಲೀನ್ ಹೆಣ್ಣುಮಕ್ಕಳ ಕ್ರೀಡೆಗಾಗಿ ವರ್ಷಗಟ್ಟಲೆ ದನಿ ಎತ್ತಿದವರು. ಆ ದಿನ ಪಂದ್ಯ ಶುರುವಾಗುವ ಮೊದಲೇ ನಾನು ಸುಮ್ನೆ ಆ ಬೆಂಚು, ಆ ದೀಪ, ಆ ಐಸ್ ನೋಡುತ್ತಾ ಕೂತಿದ್ದೆ. ಇಬ್ಬನಿಯ ಮೈದಾನ ನೆನಪಾಯಿತು. ಕಣ್ಣು ತುಂಬಿತು.

ತಂಡದ ಹೆಸರು ಗೋಫರ್ಸ್. ಗೋಫರ್ ಎಂದರೆ ಬಿಲ ತೋಡಿ ಬದುಕುವ ಸಣ್ಣ ಪ್ರಾಣಿ. ಆ ವಿಶ್ವವಿದ್ಯಾಲಯದ ಹುಡುಗಿಯರು ಉದ್ದ ಲಂಗ ಹಾಕಿಕೊಂಡು ಹಾಕಿ ಸ್ಟಿಕ್ ಹಿಡಿದು ನಿಂತ 1920ರ ದಶಕದ ಫೋಟೋ ಇದೆ. ಆಮೇಲೆ ಬಹಳ ವರ್ಷ ಅಧಿಕೃತ ತಂಡ ಅಂತ ಇರಲಿಲ್ಲ. ವಿಶ್ವವಿದ್ಯಾಲಯ ತನ್ನದೇ ತಂಡ ಎಂದು ಒಪ್ಪಿಕೊಂಡು ಕೋಚ್, ಹಣ, ಸ್ಕಾಲರ್‌ಶಿಪ್ ಕೊಟ್ಟು ಆಡಿಸಿದ್ದು 1997ರಿಂದ. ನಮ್ಮ ಕರಡದ ವರ್ಷ! ಇದನ್ನು ಓದಿದ ದಿನ ರಾತ್ರಿಯೇ ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಮೊದಲ ಕೋಚ್ ಲಾರಾ ಹಾಲ್ಡರ್ಸನ್. 2000ದಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ, ಮತ್ತೆ 2004, 2005. ನ್ಯಾಟಲಿ ಡಾರ್ವಿಟ್ಜ್, ಕ್ರಿಸ್ಸಿ ವೆಂಡೆಲ್ ಆಗಿನ ತಾರೆಗಳು.

ಇಷ್ಟೊಂದು ಹುಡುಗಿಯರು ಎಲ್ಲಿಂದ ಬಂದರು ಎಂದು ನಾನು ಲ್ಯಾಬಿನ ಗೆಳತಿಯನ್ನು ಕೇಳಿದ್ದೆ. ಚಿಕ್ಕವಳಿದ್ದಾಗ ಅವಳು ಹುಡುಗರ ಟೀಮಿನಲ್ಲಿ ಒಬ್ಬಳೇ ಹುಡುಗಿ. ಬಟ್ಟೆ ಬದಲಿಸಲು ಜಾಗ ಇಲ್ಲದೆ ಸಾಮಾನಿನ ಕೋಣೆಗೆ ಹೋಗುತ್ತಿದ್ದಳಂತೆ. 1994ರಲ್ಲಿ ಮಿನ್ನೆಸೋಟಾ ರಾಜ್ಯ ಹೈಸ್ಕೂಲ್ ಹುಡುಗಿಯರ ಐಸ್ ಹಾಕಿಗೆ ಮಾನ್ಯತೆ ಕೊಟ್ಟಿತು. ದೇಶದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. ಶಾಲೆಗಳಲ್ಲಿ ತಂಡ ಹುಟ್ಟಿತು, ಮೂರು ವರ್ಷದಲ್ಲಿ ವಿಶ್ವವಿದ್ಯಾಲಯಕ್ಕೂ ಬಂತು. ಅವಳ ಪ್ರಕಾರ ಎಲ್ಲಕ್ಕೂ ಕಾರಣ ಶಾಲೆಗಳು. ನನಗೂ ಅದೇ ಸರಿ ಅನ್ನಿಸುತ್ತದೆ.

ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಒಂದೊಂದು ಕಡೆ ಐದು ಜನ ಮತ್ತು ಗೋಲ್‌ಕೀಪರ್. 20 ನಿಮಿಷದ ಮೂರು ಪೀರಿಯಡ್. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ. ಪುಟಿಯಬಾರದು ಎಂದು ಪಂದ್ಯಕ್ಕೆ ಮೊದಲು ಅದನ್ನು ಫ್ರೀಜರ್‌ನಲ್ಲಿ ಇಡುತ್ತಾರೆ. ಆಟಗಾರ್ತಿಯರು ಒಂದು ನಿಮಿಷವೂ ಐಸ್ ಮೇಲೆ ಇರುವುದಿಲ್ಲ, ಬೇಲಿ ಹಾರಿ ಹೊರಗೆ, ಇನ್ನೊಬ್ಬರು ಒಳಗೆ. ಆಟ ನಿಲ್ಲುವುದೇ ಇಲ್ಲ. ರೈಟ್ ಹಾಫ್ ಆಡಿದವಳಿಗೆ ಪಾಸ್ ಅರ್ಥವಾಗಲು ಒಂದೇ ಪಂದ್ಯ ಸಾಕಾಯಿತು. ತ್ರಿಕೋನ ಅದೇ. ಖಾಲಿ ಜಾಗಕ್ಕೆ ಕೊಡುವುದೂ ಅದೇ. ವೇಗ ಮಾತ್ರ ಬೇರೆ.

ನನ್ನ ಅದೃಷ್ಟ ನೋಡಿ. 2012ರ ಫೆಬ್ರವರಿಯಲ್ಲಿ ಈ ತಂಡ ಸತತವಾಗಿ ಗೆಲ್ಲಲು ಶುರುಮಾಡಿತು. ಆ ವರ್ಷ ರಾಷ್ಟ್ರೀಯ ಪ್ರಶಸ್ತಿ ಬಂತು. ಮುಂದಿನ ಸೀಸನ್ ಪೂರ್ತಿ ಸೋಲಲೇ ಇಲ್ಲ. ಡ್ರಾ ಕೂಡ ಇಲ್ಲ. 41 ಪಂದ್ಯ, 41 ಗೆಲುವು. ಕೋಚ್ ಬ್ರ್ಯಾಡ್ ಫ್ರಾಸ್ಟ್. ಫಿನ್‌ಲ್ಯಾಂಡಿನಿಂದ ಬಂದ ಗೋಲ್‌ಕೀಪರ್ ನೂರಾ ರಾಟಿ ಒಬ್ಬಳೇ 38 ಪಂದ್ಯ ಗೆಲ್ಲಿಸಿದಳು. ಅಮಾಂಡಾ ಕೆಸೆಲ್ 46 ಗೋಲು ಹೊಡೆದಳು. ಮೊದಲ ವರ್ಷದ ಹುಡುಗಿ ಹಾನಾ ಬ್ರ್ಯಾಂಟ್ ಎಷ್ಟು ಶಾಂತವಾಗಿ ಆಡುತ್ತಿದ್ದಳು ಎಂದರೆ, ಪಕ್ ತಾನಾಗಿಯೇ ಅವಳ ಹತ್ತಿರ ಬರುತ್ತದೆ ಅನ್ನಿಸುತ್ತಿತ್ತು.

ಆದರೆ ನನಗೆ ಹೆಚ್ಚು ನೆನಪಿರುವುದು 2013ರ ಮಾರ್ಚ್‌ನ ಕ್ವಾರ್ಟರ್‌ಫೈನಲ್. ಎದುರಾಳಿ ಪಕ್ಕದ ರಾಜ್ಯದ ನಾರ್ತ್ ಡಕೋಟಾ ವಿಶ್ವವಿದ್ಯಾಲಯ. ಅವರಲ್ಲಿ ಜೋಸ್ಲಿನ್ ಮತ್ತು ಮೋನಿಕ್ ಲಾಮರೂ ಎಂಬ ಅವಳಿ ಅಕ್ಕತಂಗಿಯರಿದ್ದರು. ಮೊದಲ ವರ್ಷ ಮಿನ್ನೆಸೋಟಾದಲ್ಲೇ ಆಡಿ, ಆಮೇಲೆ ತಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಹೋದವರು. ಅದಕ್ಕೇ ಜನ ಅವರನ್ನು ಕಂಡರೆ ಅಣಕಿಸಿ ಕೂಗುತ್ತಿದ್ದರು. ಪಂದ್ಯ 2-2. ಓವರ್‌ಟೈಮ್. ಗೋಲ್ ಇಲ್ಲ. ಎರಡನೇ ಓವರ್‌ಟೈಮ್. ಆಗಲೂ ಇಲ್ಲ. ಐಸ್ ಸಮ ಮಾಡುವ ಗಾಡಿ ಮತ್ತೆ ಮತ್ತೆ ಸುತ್ತು ಹಾಕಿತು. ಬ್ಯಾಂಡಿನ ಹುಡುಗರ ತುಟಿ ಊದಿಕೊಂಡಿರಬೇಕು. ನನ್ನ ಕಾಲು ಮರಗಟ್ಟಿತ್ತು, ಎದ್ದು ಹೋಗಲು ಮನಸ್ಸಿಲ್ಲ. ಯಾರೂ ಎದ್ದು ಹೋಗಲಿಲ್ಲ. ಮೂರನೇ ಓವರ್‌ಟೈಮ್‌ನಲ್ಲಿ ಕೆಲ್ಲಿ ಟೆರ್ರಿ ಗೋಲ್ ಹೊಡೆದಳು. ಆ ಕೂಗಿಗೆ ಛಾವಣಿ ಅದುರಿತು. ನಾನು ನೋಡುತ್ತಿದ್ದದ್ದು ಮಾತ್ರ ಸೋತವರನ್ನು. ಆ ಅವಳಿಗಳು ಐಸ್ ಮೇಲೆ ಬಗ್ಗಿ, ಸ್ಟಿಕ್ ಮೊಣಕಾಲಿಗೆ ಅಡ್ಡ ಇಟ್ಟುಕೊಂಡು ನಿಂತಿದ್ದರು. ಮೂರು ಸಾವಿರ ಜನರ ಮುಂದೆ ಸೋಲುವುದು ಎಷ್ಟು ದೊಡ್ಡ ಮರ್ಯಾದೆ ಎಂದು ಅನ್ನಿಸಿತು. ಅರ್ಥ ಆಗುತ್ತಿದೆ ಅಲ್ವಾ? ನಮಗೆ ಗೆದ್ದಾಗಲೂ ಅದು ಸಿಕ್ಕಿರಲಿಲ್ಲ.

ಮುಂದಿನ ವಾರ ಸೆಮಿಫೈನಲ್‌ನಲ್ಲಿ ಬಾಸ್ಟನ್ ಕಾಲೇಜನ್ನು ಓವರ್‌ಟೈಮ್‌ನಲ್ಲಿ, ಫೈನಲ್‌ನಲ್ಲಿ ಬಾಸ್ಟನ್ ಯೂನಿವರ್ಸಿಟಿಯನ್ನು 6-3ರಿಂದ ಸೋಲಿಸಿದರು. ಎರಡೂ ರಿಡ್ಡರ್‌ನಲ್ಲೇ. ನವೆಂಬರ್‌ನಲ್ಲಿ 62 ಗೆಲುವುಗಳ ಸರಣಿ ಮುಗಿಯಿತು. ಮುಗಿಸಿದ್ದು ಅದೇ ನಾರ್ತ್ ಡಕೋಟಾ, 3-2ರಿಂದ. ನಾನು ಆಗ ಲ್ಯಾಬಿನಲ್ಲಿ ಎಲೆಗಳ ಮೇಲಿನ ಕಲೆ ಎಣಿಸುತ್ತಿದ್ದೆ. ಸುದ್ದಿ ಕೇಳಿ ಬೇಜಾರಾಯಿತು. ಆದರೆ ಸೋಲಿಸಿದರೆ ಅವರೇ ಸೋಲಿಸಬೇಕಿತ್ತು ಎಂದೂ ಅನ್ನಿಸಿತು.

2015ರಲ್ಲಿ ಮತ್ತೆ ರಿಡ್ಡರ್‌ನಲ್ಲೇ ಹಾರ್ವರ್ಡ್ ವಿರುದ್ಧ ಪ್ರಶಸ್ತಿ. ನಾನು ಥೀಸಿಸ್ ಮುಗಿಸಿದ 2016ರಲ್ಲಿ ಇನ್ನೊಂದು. ಆ ಸಲ ಬಾಸ್ಟನ್ ಕಾಲೇಜು ಒಂದೂ ಸೋಲದೆ ಫೈನಲ್‌ಗೆ ಬಂದಿತ್ತು. ತಲೆಗೆ ಪೆಟ್ಟಾಗಿ ಸುಮಾರು ಎರಡು ವರ್ಷ ಆಟ ಬಿಟ್ಟಿದ್ದ ಅಮಾಂಡಾ ಕೆಸೆಲ್ ಆ ಫೆಬ್ರವರಿಯಲ್ಲಷ್ಟೇ ಮರಳಿದ್ದಳು. ಫೈನಲ್‌ನಲ್ಲಿ ಗೋಲ್ ಹೊಡೆದಳು. 3-1. ಲ್ಯಾಬಿನ ಗೆಳತಿಯೂ ನಾನೂ ಅವಳ ಮನೆಯಲ್ಲಿ ಕೂತು ನೋಡಿದೆವು. ಇಬ್ಬರೂ ಅತ್ತೆವು.

ಊರಿಗೆ ಬಂದ ಮೇಲೆ, 2017ರ ಮಾರ್ಚ್‌ನಲ್ಲಿ, ಅವಳಿಂದಲೇ ಒಂದು ಮೆಸೇಜ್ ಬಂತು. ನಾರ್ತ್ ಡಕೋಟಾ ವಿಶ್ವವಿದ್ಯಾಲಯ ಹುಡುಗಿಯರ ಹಾಕಿ ತಂಡವನ್ನು ನಿಲ್ಲಿಸಿತು. ಖರ್ಚು ಉಳಿಸಲು. ಒಂದು ತಂಡವನ್ನು ಒಂದು ದಿನದಲ್ಲಿ ಇಲ್ಲ ಎನ್ನಬಹುದು ಎಂದು ನನಗೆ ಗೊತ್ತಿರಲಿಲ್ಲ.

ಅದರ ಮುಂದಿನ ಫೆಬ್ರವರಿ, 2018. ಕೊರಿಯಾದಲ್ಲಿ ಚಳಿಗಾಲದ ಒಲಿಂಪಿಕ್ಸ್. ಅಮೆರಿಕ ಮತ್ತು ಕೆನಡಾ ಫೈನಲ್. ನಮ್ಮಲ್ಲಿ ಬೆಳಿಗ್ಗೆ ಒಂಬತ್ತು ಮುಕ್ಕಾಲು. ಕಣದಲ್ಲಿ ಕಾಫಿ ಒಣಗಲು ಹರವಿತ್ತು. ಅಪ್ಪ ಕೈ ತೊಳೆದುಕೊಂಡು ಬಂದು ನನ್ನ ಪಕ್ಕ ಕೂತರು. ಬ್ರ್ಯಾಂಟ್ ಇದ್ದಳು, ಕೆಸೆಲ್ ಇದ್ದಳು. ಒಬ್ಬೊಬ್ಬರನ್ನೂ ತೋರಿಸಿ ಇವಳು ನಮ್ಮವಳು, ಇವಳೂ ನಮ್ಮವಳು ಎಂದೆ. ಅಮೆರಿಕ ಹಿಂದಿತ್ತು. ಕೊನೆಯ ಪೀರಿಯಡ್‌ನಲ್ಲಿ ಮೋನಿಕ್ ಸಮ ಮಾಡಿದಳು. ಶೂಟ್‌ಔಟ್‌ನಲ್ಲಿ ಜೋಸ್ಲಿನ್ ಪಕ್ ಅನ್ನು ಅತ್ತ ತೋರಿಸಿ ಇತ್ತ ಎಳೆದು ಖಾಲಿ ಜಾಗಕ್ಕೆ ತಳ್ಳಿದಳು. ಅಮೆರಿಕಕ್ಕೆ 20 ವರ್ಷದ ಮೇಲೆ ಚಿನ್ನ. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಈ ಅವಳಿಗಳೂ ನಿನ್ನ ಕಾಲೇಜಿನವರಾ?"

"ಇಲ್ಲಪ್ಪ. ನಮ್ಮ ಎದುರಾಳಿಗಳು. ಅವರ ಕಾಲೇಜಿನಲ್ಲಿ ಈಗ ಹುಡುಗಿಯರ ಟೀಮೇ ಇಲ್ಲ. ಹೋದ ವರ್ಷ ತೆಗೆದುಹಾಕಿದರು."

ಅಪ್ಪ ಟಿವಿಯನ್ನೇ ನೋಡುತ್ತಿದ್ದರು. ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದು ಅಳುತ್ತಾ ನಗುತ್ತಾ ಇದ್ದರು.

"ಹಾಗಾದರೆ ಅಲ್ಲಿಯ ಐಸ್ ಮೇಲೆ ಈಗ ಯಾರು ಆಡುತ್ತಾರೆ?"

"ಹುಡುಗರು" ಎಂದೆ.

ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು, ಕಾಫಿ ಕೆದಕಲು ಕಣಕ್ಕೆ ಹೋದರು.