ಚಟದ ಪಾಠ ಕಾಫಿಯಿಂದ ಶುರು

ಚಿಕ್ಕಮಗಳೂರಿನಲ್ಲಿ ಡಿಗ್ರಿ ಓದುವ ಮಕ್ಕಳಿಗೆ ಮನೋವಿಜ್ಞಾನ ಹೇಳಿಕೊಡುತ್ತೇನೆ. ಮೆದುಳು ಮತ್ತು ಚಟದ ಪಾಠ ಬಂದಾಗ ಹೆಂಡ, ಗಾಂಜಾ ಯಾವುದನ್ನೂ ಮೊದಲು ಎತ್ತುವುದಿಲ್ಲ. ಕಾಫಿಯಿಂದ ಶುರು ಮಾಡುತ್ತೇನೆ. ಬಾಬಾಬುಡನ್‌ಗಿರಿಯ ಬುಡದಲ್ಲಿ ಕೂತವರಿಗೆ ಬೇರೆ ಉದಾಹರಣೆ ಯಾಕೆ ಬೇಕು, ಅಲ್ವಾ?

ನಾವು ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಹೆಚ್ಚುತ್ತಾ ಹೋಗುತ್ತದೆ. ಅದು ಮೆದುಳಿನ ಕೋಶಗಳ ಮೇಲೆ ತನಗೆಂದೇ ಇರುವ ಜಾಗಗಳಲ್ಲಿ, ಅಂದರೆ ಗ್ರಾಹಕಗಳಲ್ಲಿ (ರಿಸೆಪ್ಟರ್), ಕೂತಾಗ ತೂಕಡಿಕೆ ಬರುತ್ತದೆ. ಕಾಫಿಯಲ್ಲಿರುವ ಕೆಫೀನ್ ಆ ಜಾಗದಲ್ಲಿ ತಾನು ಹೋಗಿ ಕೂತು ತೂಕಡಿಕೆಯನ್ನು ತಡೆಯುತ್ತದೆ. ದಿನಾ ಹೀಗಾದರೆ ಮೆದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಒಂದು ದಿನ ಕಾಫಿ ತಪ್ಪಿದರೆ ತಲೆನೋವು, ಸಿಡಿಮಿಡಿ. ಇಷ್ಟು ಹೇಳುವ ಹೊತ್ತಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಹಾಗಾದ್ರೆ ನಾವೂ ಅಡಿಕ್ಟಾ ಮೇಡಂ?"

ನನಗೆ ಬೇಕಾದದ್ದೇ ಆ ಪ್ರಶ್ನೆ. ದೇಹ ಒಗ್ಗಿಕೊಂಡ ಮಾತ್ರಕ್ಕೆ ಚಟ ಅನ್ನಲಾಗದು. ಹಾನಿ ಕಣ್ಣಿಗೆ ಕಾಣುತ್ತಿದ್ದರೂ, ಬಿಡಬೇಕೆಂಬ ಆಸೆ ಇದ್ದರೂ, ಬಿಡಲಾಗದೆ ಹೋದರೆ ಅದು ಚಟ. ಕಾಫಿಪುಡಿಗೋಸ್ಕರ ಮನೆಯ ಪಾತ್ರೆ ಮಾರಿದವರನ್ನು ಯಾರೂ ನೋಡಿಲ್ಲ.

ಆಮೇಲೆ ಡೋಪಮಿನ್. ಮೊಬೈಲ್ ವಿಡಿಯೋ ನೋಡಿ ಬಂದ ಮಕ್ಕಳಿಗೆ ಡೋಪಮಿನ್ ಅಂದರೆ ಖುಷಿ ಕೊಡುವ ರಾಸಾಯನಿಕ. ಈ ತಪ್ಪು ಕಲ್ಪನೆ ಬಿಡಿಸುವುದಕ್ಕೆ ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಜ್ ಅವರ ಕೋತಿಗಳ ಪ್ರಯೋಗ ಹೇಳುತ್ತೇನೆ. ಕೋತಿಗೆ ಹಣ್ಣಿನ ರಸ ಸಿಕ್ಕಾಗ ಮೊದಮೊದಲು ಡೋಪಮಿನ್ ಕೋಶಗಳು ಚುರುಕಾದವು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ಮೇಲೆ, ದೀಪ ಹತ್ತಿದಾಗಲೇ ಚುರುಕಾದವು. ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬಾರದಿದ್ದರೆ ಮೊದಲಿಗಿಂತ ಮಂಕಾದವು. ಅಂದರೆ ಡೋಪಮಿನ್ ಹೇಳುವುದು 'ಇದು ಹಿತವಾಗಿದೆ' ಅಂತಲ್ಲ. 'ಅಗೋ, ಬರುತ್ತಿದೆ, ಹೋಗು' ಅಂತ.

ಒಮ್ಮೆ ಈ ಪಾಠ ಮುಗಿದ ಮೇಲೆ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಕಾರಿಡಾರಿನಲ್ಲಿ ನಿಲ್ಲಿಸಿ ಕೇಳಿದಳು. "ನಮ್ಮಪ್ಪ ಬೆಳಿಗ್ಗೆ ದೇವರ ಮುಂದೆ ಆಣೆ ಮಾಡ್ತಾರೆ. ಸಂಜೆ ಕುಡ್ದೇ ಬರ್ತಾರೆ. ಬೆಳಿಗ್ಗೆ ಹೇಳಿದ್ದು ಸುಳ್ಳಾ ಮೇಡಂ?"

"ಸುಳ್ಳಲ್ಲಮ್ಮ" ಅಂದೆ. ಬೆಳಿಗ್ಗೆ ಆಣೆ ಮಾಡುವಾಗ ಅವರ ಮನಸ್ಸು ಅದನ್ನೇ ಬಯಸಿರುತ್ತದೆ. ಸಂಜೆ ಬಟವಾಡೆಯ ದುಡ್ಡು ಕೈಗೆ ಬಂತು, ಜೊತೆಯವರು ಕರೆದರು, ಬಾರಿನ ಬೋರ್ಡು ಕಂಡಿತು. ವರ್ಷಗಟ್ಟಲೆ ಕಲಿತ ಮೆದುಳಿಗೆ ಅವೆಲ್ಲ ಆ ದೀಪದ ಹಾಗೆ. ಯೋಚಿಸಿ ತಡೆಯಬೇಕಾದ ಹಣೆಯ ಹಿಂದಿನ ಭಾಗ, ಪ್ರೀಫ್ರಂಟಲ್ ಕಾರ್ಟೆಕ್ಸ್, ಕುಡಿದೂ ಕುಡಿದೂ ಬಲ ಕಳೆದುಕೊಂಡಿರುತ್ತದೆ. ಕುಡಿದರೆ ಈಗ ಅವರಿಗೆ ಅಂಥ ಸುಖವೂ ಇಲ್ಲದಿರಬಹುದು. ಬೇಕು ಅನ್ನಿಸುವುದು ಬೇರೆ, ಹಿತ ಅನ್ನಿಸುವುದು ಬೇರೆ ಎಂದು ಮನೋವಿಜ್ಞಾನಿ ಕೆಂಟ್ ಬೆರಿಜ್ ತೋರಿಸಿದ್ದು ಇದನ್ನೇ. ಹಾಗಂತ ಮನೆಯಲ್ಲಿ ಹೊಡೆತ ತಿನ್ನುವವರು ಸಹಿಸಿಕೊಳ್ಳಬೇಕು ಎಂದಲ್ಲ. ಅದನ್ನೂ ಅವಳಿಗೆ ಸ್ಪಷ್ಟವಾಗಿ ಹೇಳಿದೆ.

ವಿಯೆಟ್ನಾಂ ಯುದ್ಧದಿಂದ ಮರಳಿದ ಅಮೆರಿಕದ ಸೈನಿಕರ ಅಧ್ಯಯನ ನನಗೆ ತುಂಬಾ ಮುಖ್ಯ. 1970ರ ದಶಕದಲ್ಲಿ ಸಂಶೋಧಕಿ ಲೀ ರಾಬಿನ್ಸ್ ಮಾಡಿದ್ದು. ಅಲ್ಲಿದ್ದಾಗ ಸುಮಾರು ಶೇ. 20 ಜನ ಹೆರಾಯಿನ್‌ನಂಥ ಮಾದಕಗಳಿಗೆ ಅಂಟಿಕೊಂಡಿದ್ದರು. ಊರಿಗೆ ಬಂದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ಚಟಕ್ಕೆ ಬಿದ್ದವರು ಶೇ. 5ರಷ್ಟು ಮಾತ್ರ. ಜಾಗ, ಜನ, ಕೆಲಸ ಎಲ್ಲ ಬದಲಾಗಿತ್ತು. ಲೈನ್ ಮನೆಯಲ್ಲಿರುವವನಿಗೆ ಯಾವುದೂ ಬದಲಾಗುವುದಿಲ್ಲ. ಅದೇ ದಾರಿ, ಅದೇ ಜೊತೆಗಾರರು. ಅವನಿಗೆ ಮನಸ್ಸು ಗಟ್ಟಿ ಮಾಡು ಅಂತ ಸುಮ್ನೆ ಹೇಳಿ ಕಳಿಸುವುದು ಅನ್ಯಾಯ.

ಇನ್ನೊಂದು ವಿಷಯ ಸಿಲಬಸ್‌ನಲ್ಲಿ ಇರಲಿ ಬಿಡಲಿ, ಪ್ರತಿ ವರ್ಷ ಹೇಳುತ್ತೇನೆ. ದಿನಾ ಜಾಸ್ತಿ ಕುಡಿಯುವವರನ್ನು ಒಂದೇ ಏಟಿಗೆ ನಿಲ್ಲಿಸಬೇಡಿ. ಮದ್ಯ ಮೆದುಳನ್ನು ತಗ್ಗಿಸುತ್ತದೆ, ಮೆದುಳು ಎದುರಾಗಿ ತನ್ನನ್ನು ಏರಿಸಿಕೊಂಡಿರುತ್ತದೆ. ಮದ್ಯ ತಟ್ಟನೆ ನಿಂತರೆ ಆ ಏರಿಕೆ ಮಾತ್ರ ಉಳಿಯುತ್ತದೆ. ಕೈ ನಡುಕ, ಬೆವರು, ಮೊದಲ ಎರಡು ದಿನದಲ್ಲಿ ಫಿಟ್ಸ್, ಆಮೇಲೆ ಏನೇನೋ ಕಾಣುವುದು, ಬಡಬಡಿಸುವುದು. ಪ್ರಾಣವೂ ಹೋಗಬಹುದು. ಡಾಕ್ಟರ ನಿಗಾದಲ್ಲೇ ಬಿಡಿಸಬೇಕು.

ಹಾಗೆಯೇ, ಕುಡಿತ ಬಿಡಿಸಲೆಂದು ಮನೆಯವರು ಗೊತ್ತಾಗದಂತೆ ಸಾರಿಗೆ ಬೆರೆಸಿ ಕೊಡುವ ಮಾತ್ರೆಯ ವಿಷಯ. ಅದು ಡೈಸಲ್ಫಿರಾಂ ಆಗಿದ್ದರೆ, ಅದರ ಮೇಲೆ ಕುಡಿದಾಗ ಅಸಿಟಾಲ್ಡಿಹೈಡ್ ಎಂಬ ವಿಷ ಮೈಯಲ್ಲಿ ತುಂಬಿಕೊಳ್ಳುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ತಿಳಿದು, ಒಪ್ಪಿ ತೆಗೆದುಕೊಳ್ಳುವವರಿಗೆ ಅದು ಔಷಧಿ. ಕದ್ದು ಕೊಟ್ಟರೆ ಜೀವಕ್ಕೇ ಅಪಾಯ. ಇದನ್ನು ಹೇಳುವಾಗ ತರಗತಿ ಪೂರ್ತಿ ಬರೆದುಕೊಳ್ಳುತ್ತದೆ. ಬೋರ್ಡಿನ ಮೂಲೆಯಲ್ಲಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದಿರುತ್ತೇನೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇಂಟರ್ನಲ್ ಪರೀಕ್ಷೆಗೆ ನನ್ನ ಪ್ರಶ್ನೆ ಇದು: ಆರು ತಿಂಗಳಿಂದ ಕುಡಿಯದ ಒಬ್ಬರಿಗೆ ಬಟವಾಡೆಯ ದಿನ ಮಾತ್ರ ತಡೆಯಲಾಗದಷ್ಟು ಆಸೆ ಬರುತ್ತದೆ, ಯಾಕೆ? ಮನೆಯವರು ಆ ದಿನ ಏನು ಮಾಡಬಹುದು? ದುಡ್ಡನ್ನು ನೇರ ಬ್ಯಾಂಕ್ ಖಾತೆಗೆ ಹಾಕಿಸಿ, ಆ ಸಂಜೆ ಮಗಳು ತೋಟದ ಗೇಟಿಗೆ ಹೋಗಿ ಅಪ್ಪನನ್ನು ಬೇರೆ ದಾರಿಯಲ್ಲಿ ಕರೆದುಕೊಂಡು ಬರಲಿ ಎಂದು ಒಬ್ಬ ಹುಡುಗ ಬರೆದಿದ್ದ. ಪೂರ್ತಿ ಅಂಕ ಕೊಟ್ಟೆ.