ಮನೆ ಆಫೀಸಿಗೆ ಯಾವ ಇಂಟರ್ನೆಟ್ ಫೋನ್ ಹಾಕಿಸಲಿ?

ಮನೆಯಿಂದಲೇ ಕೆಲಸ ಮಾಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಆಫೀಸಿಗೆ ಅಂತ, ಇಂಟರ್ನೆಟ್ ಮೂಲಕವೇ ಕರೆ ಹೋಗಿಬರುವ ಬೇರೆ ನಂಬರ್ ಬೇಕು, ಯಾವ ಕಂಪನಿಯದ್ದು ತಗೊಳ್ಳಲಿ ಅಂತ. ನಾನು ತಿರುಗಿ ಕೇಳುವುದು ಇಷ್ಟೇ: ನಿಮ್ಮ ಇಂಟರ್ನೆಟ್‌ನಲ್ಲಿ ಅಪ್‌ಲೋಡ್, ಅಂದರೆ ಮನೆಯಿಂದ ಹೊರಗೆ ಕಳಿಸುವ ವೇಗ, ಎಷ್ಟಿದೆ? ನೀವು ಫೋನಿನಲ್ಲಿರುವಾಗ ಮನೆಯಲ್ಲಿ ಉಳಿದವರು ನೆಟ್‌ನಲ್ಲಿ ಏನು ಮಾಡುತ್ತಿರುತ್ತಾರೆ?

ಮಾತಿಗೆ ಬೇಕಾಗುವ ವೇಗ ತುಂಬಾ ಕಡಿಮೆ. ಹಳೆಯ ಜಿ.711 ಕೊಡೆಕ್‌ನಲ್ಲಿ (ಧ್ವನಿಯನ್ನು ಡಿಜಿಟಲ್ ಮಾಡುವ ವಿಧಾನ) ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್. ಧ್ವನಿಯನ್ನು ಕಳಿಸುವ ಪ್ರತಿ ಪ್ಯಾಕೆಟ್‌ಗೂ ಅಂಟಿಸುವ ವಿಳಾಸ ಮುಂತಾದವುಗಳ ಭಾರ ಸೇರಿದರೆ ಹೋಗುವ ದಾರಿಗೆ ಸುಮಾರು 90 ಕಿಲೋಬಿಟ್, ಬರುವ ದಾರಿಗೂ ಅಷ್ಟೇ. ತೊಂದರೆ ಬರುವುದು ಸಮಯದಲ್ಲಿ. ಧ್ವನಿಯನ್ನು ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ಚೂರುಗಳಾಗಿ ಕಳಿಸುತ್ತಾರೆ, ಅಂದರೆ ಸೆಕೆಂಡಿಗೆ 50 ಚೂರು. ಒಂದು ಚೂರು ತೀರಾ ತಡವಾಗಿ ಬಂದರೆ ಅದನ್ನು ಬಿಟ್ಟು ಮುಂದೆ ಹೋಗಲೇಬೇಕು. ಅಲ್ಲಿ ಮಾತು ಕಡಿಯುತ್ತದೆ.

ಲ್ಯಾಪ್‌ಟಾಪ್ ತನ್ನ ಪಾಡಿಗೆ ಫೋಟೋಗಳನ್ನು ಕ್ಲೌಡ್‌ಗೆ ಹಾಕುತ್ತಿದೆ ಅಂದುಕೊಳ್ಳಿ. ಅಪ್‌ಲೋಡ್ ತುಂಬಿಹೋಗುತ್ತದೆ. ರೂಟರ್ ಎಲ್ಲವನ್ನೂ ಸಾಲಿನಲ್ಲಿ ನಿಲ್ಲಿಸುತ್ತದೆ, ನಿಮ್ಮ ಮಾತಿನ ಚೂರು ಫೋಟೋಗಳ ಹಿಂದೆ ಕಾಯುತ್ತದೆ. ನಿಮಗೆ ಆ ಕಡೆಯವರ ದನಿ ಚೆನ್ನಾಗಿಯೇ ಕೇಳುತ್ತದೆ. ಅವರು ಮಾತ್ರ "ಹಲೋ, ಹಲೋ, ಕೇಳಿಸ್ತಿಲ್ಲ" ಅನ್ನುತ್ತಾರೆ. ಹೀಗಾದಾಗ ಫೋನ್ ಕಂಪನಿ ಬದಲಿಸಿ ಪ್ರಯೋಜನವಿಲ್ಲ. ಯಾವುದು ಮೊದಲು ಹೋಗಬೇಕು ಅಂತ ಹೇಳುವ ರೂಟರ್‌ನ ಕ್ಯೂಒಎಸ್ ಸೆಟ್ಟಿಂಗ್‌ನಲ್ಲಿ ಧ್ವನಿಗೆ ಮೊದಲ ಜಾಗ ಕೊಡಿ, ಬ್ಯಾಕಪ್ಪನ್ನು ರಾತ್ರಿಗೆ ಹಾಕಿ. ಹಣ ಕಟ್ಟುವ ಮೊದಲೇ ಪರೀಕ್ಷೆ ಮಾಡಬಹುದು: ಉಚಿತ ಪ್ರಯೋಗದ ಅವಧಿಯಲ್ಲಿ ಸ್ನೇಹಿತರಿಗೆ ಕರೆ ಮಾಡಿ, ಮಾತಾಡುತ್ತಲೇ ಒಂದು ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿ, ದನಿ ಹೇಗಿದೆ ಅಂತ ಅವರನ್ನೇ ಕೇಳಿ.

ಇನ್ನೊಂದು ಕಾಟ ಇದೆ. ಕರೆ ಸೇರುತ್ತದೆ, ಆದರೆ ಒಬ್ಬರ ದನಿ ಮಾತ್ರ ಕೇಳುತ್ತದೆ. ಬಹಳ ಸಲ ಇದು ರೂಟರ್‌ನಲ್ಲಿರುವ ಎಸ್‌ಐಪಿ ಎಎಲ್‌ಜಿ ಎಂಬ ಸೆಟ್ಟಿಂಗ್‌ನ ಕೆಲಸ. ಆಫ್ ಮಾಡಿ ನೋಡಿ.

ಇನ್ನು ಆಯ್ಕೆ. ಒಬ್ಬರೇ ಇದ್ದರೆ ಒಂದು ನಂಬರ್, ಮೊಬೈಲ್ ಇಲ್ಲವೇ ಕಂಪ್ಯೂಟರಿನಲ್ಲಿ ಒಂದು ಆ್ಯಪ್, ವೈರ್ ಇರುವ ಒಳ್ಳೆಯ ಹೆಡ್‌ಸೆಟ್. ಇಷ್ಟು ಸಾಕು. ದಿನವಿಡೀ ಫೋನಿನಲ್ಲೇ ಇರುವವರಿಗೆ ನೇರವಾಗಿ ಇಂಟರ್ನೆಟ್‌ಗೆ ಸೇರುವ ಮೇಜಿನ ಐಪಿ ಫೋನ್ ವಾಸಿ. ಅದನ್ನು ವೈಫೈ ಬದಲು ಲ್ಯಾನ್ ಕೇಬಲ್‌ಗೆ ಹಾಕಿ. ಹಳೆಯ ಫೋನ್ ಬಿಡಲು ಮನಸ್ಸಿಲ್ಲ ಅಂದರೆ ಅದನ್ನು ಇಂಟರ್ನೆಟ್‌ಗೆ ಜೋಡಿಸುವ ಚಿಕ್ಕ ಎಟಿಎ ಡಬ್ಬಿ ಸಿಗುತ್ತದೆ. "ಮಾರಾಟಕ್ಕೆ 1 ಒತ್ತಿ, ಸೇವೆಗೆ 2 ಒತ್ತಿ" ಅನ್ನುವ ಮೆನುಗೆ ಸುಮ್ನೆ ದುಡ್ಡು ಹಾಕಬೇಡಿ. 1 ಒತ್ತಿದರೂ 2 ಒತ್ತಿದರೂ ಫೋನ್ ಎತ್ತುವವರು ನೀವೇ ಆಗಿರುವಾಗ ಕರೆ ಮಾಡಿದವರನ್ನು ಯಾಕೆ ಕಾಯಿಸಬೇಕು, ಅಲ್ವಾ?

ನಾನು ಬಿಡದೆ ಕೇಳಿ ತಿಳಿದುಕೊಳ್ಳಿ ಅನ್ನುವ ಸೌಲಭ್ಯ ಒಂದಿದೆ. ಮನೆಯ ಇಂಟರ್ನೆಟ್ ಬಿದ್ದಾಗ ಕರೆ ತಾನಾಗಿ ಮೊಬೈಲ್‌ಗೆ ಹೋಗಬೇಕು. ಈ ತಿರುವು ಕಂಪನಿಯ ಸರ್ವರ್‌ನಲ್ಲೇ ಆಗಬೇಕು, ನಿಮ್ಮ ಫೋನಿನಲ್ಲಲ್ಲ. ಆಗ ಮಾತ್ರ ರೂಟರ್ ಸತ್ತಿದ್ದರೂ ಕೆಲಸ ಮಾಡುತ್ತದೆ. ಹಾಗೆಯೇ, ಕಂಪನಿ ಬಿಟ್ಟರೆ ನಂಬರ್ ಜೊತೆಗೆ ಒಯ್ಯಬಹುದೇ ಅಂತ ಬರಹದಲ್ಲೇ ಉತ್ತರ ಪಡೆಯಿರಿ. ಗ್ರಾಹಕರಿಗೆಲ್ಲ ಕೊಟ್ಟ ನಂಬರ್ ಕೈತಪ್ಪಿದರೆ ನಷ್ಟ ದೊಡ್ಡದು.

ಕರೆಂಟ್ ಹೋದರೆ ರೂಟರ್ ಆಫ್, ಫೋನೂ ಆಫ್. ಒಂದು ಚಿಕ್ಕ ಯುಪಿಎಸ್ ಇಟ್ಟುಕೊಳ್ಳಿ. ತುರ್ತು ಸೇವೆಯ ನಂಬರಿಗೆ ಮಾತ್ರ ಮೊಬೈಲ್‌ನಿಂದಲೇ ಕರೆ ಮಾಡಿ. ಇಂಟರ್ನೆಟ್ ಕರೆಯಲ್ಲಿ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ತಾನಾಗಿ ಗೊತ್ತಾಗದೇ ಇರಬಹುದು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ, ಮಕ್ಕಳಿಗೂ.